ಪಾಲಿಕೆ, ವಿಶ್ವವಿದ್ಯಾಲಯ, ಓಣಿಯ ಜನ: ಮೂವರೂ ಕೂತು ವಾರ್ಡಿನ ಮುನ್ನೋಟ ಬರೆಯೋದು ಹೇಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಜನರನ್ನು ಕೇಳುವ ಕೆಲಸಕ್ಕೆ ಬರ ಇಲ್ಲ. ಹುಡುಗರು ಬರುತ್ತಾರೆ, ಫಾರ್ಮ್ ತುಂಬಿಸಿಕೊಳ್ಳುತ್ತಾರೆ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಬರ ಇರೋದು ಮರಳಿ ಬಂದು ಹೇಳುವವರಿಗೆ. "ನೀವು ಹೇಳಿದ್ದರಲ್ಲಿ ಇದು ಆಯ್ತು, ಇದು ಆಗಲಿಲ್ಲ, ಆಗದೇ ಇರೋದಕ್ಕೆ ಕಾರಣ ಇದು" ಅಂತ ಅದೇ ಓಣಿಯಲ್ಲಿ ನಿಂತು ಹೇಳುವವರು ಬೇಕು. ಪಾಲಿಕೆ ಮತ್ತು ವಿಶ್ವವಿದ್ಯಾಲಯ ಕೈಜೋಡಿಸಿ ಊರಿನ ಮುನ್ನೋಟ ಬರೆಯುವ ಯೋಜನೆ ಮಾಡೋದಾದರೆ, ಮೊದಲ ದಿನದಿಂದಲೇ ಆ ಮರುಭೇಟಿಗೆ ಜಾಗ ಇಟ್ಟು ಮಾಡಿ.

ನಾನು ಧಾರವಾಡದಲ್ಲಿ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಎರಡೂ ಊರಿನ ಓಣಿಗಳಲ್ಲಿ ತಿರುಗಿದ್ದೇನೆ. ಮೊದಲ ಸಲ ನಾವೂ ಕೇಳಿದೆವು, ಬರೆದುಕೊಂಡೆವು, ಬಂದೆವು. ಮರುವರ್ಷ ಬೇರೆ ಕೆಲಸಕ್ಕೆ ಅದೇ ಓಣಿಗೆ ಹೋದಾಗ ಕಟ್ಟೆ ಮೇಲೆ ಕೂತಿದ್ದ ಕಾಕಾ ಒಬ್ಬರು ಗುರುತು ಹಿಡಿದು, "ಹೋದ ವರ್ಷ ಎಲ್ಲಾ ಬರಕೊಂಡು ಹೋಗಿದ್ರಲ್ರೀ, ಅದು ಏನಾತು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ವರದಿ ಕಪಾಟಿನಲ್ಲಿತ್ತು. ಅವರು ಸಿಟ್ಟು ಮಾಡಲಿಲ್ಲ, ಚಹಾ ತರಿಸಿದರು. ಆ ಚಹಾ ಕುಡಿಯೋದು ಕಷ್ಟ ಆಯ್ತು. ಅಲ್ಲಿಂದ ಈಚೆಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ನೀವು ಮೇಷ್ಟ್ರಾಗಿರಲಿ, ಕಾರ್ಪೊರೇಟರ್ ಆಗಿರಲಿ, ಬಡಾವಣೆಯ ಸಂಘದವರಾಗಿರಲಿ, ಉಪಯೋಗ ಆಗಬಹುದು.

ಮುನ್ನೋಟ ಅಂದರೆ ಏನು

ಸುಮ್ನೆ ದೊಡ್ಡ ಮಾತು ಬೇಡ. ನಾಲ್ಕು ಪ್ರಶ್ನೆ. ಈಗ ನಾವು ಎಲ್ಲಿದ್ದೇವೆ? ಹೀಗೇ ಬಿಟ್ಟರೆ ಎಲ್ಲಿಗೆ ಹೋಗುತ್ತೇವೆ? ಎಲ್ಲಿಗೆ ಹೋಗಬೇಕು? ಅಲ್ಲಿಗೆ ಹೋಗೋದು ಹೇಗೆ? ಅಮೆರಿಕದ ಒರೆಗಾನ್ ರಾಜ್ಯದ ಊರುಗಳು ಈ ನಾಲ್ಕು ಪ್ರಶ್ನೆ ಇಟ್ಟುಕೊಂಡೇ ಮುನ್ನೋಟ ಬರೆದವು, ಹಾಗಾಗಿ ಇದಕ್ಕೆ ಒರೆಗಾನ್ ಮಾದರಿ ಅಂತಲೇ ಹೆಸರು. ಅದೇ ದೇಶದ ಚಟನೂಗ ಅನ್ನೋ ಊರು 1969ರಲ್ಲಿ ಇಡೀ ಅಮೆರಿಕದಲ್ಲೇ ಅತಿ ಕೊಳಕು ಗಾಳಿಯ ಊರು ಅಂತ ಹೆಸರು ಕೆಡಿಸಿಕೊಂಡಿತ್ತು. 1984ರಲ್ಲಿ ಅಲ್ಲಿ ಸುಮಾರು 1,700 ಜನ ಸಭೆ ಮೇಲೆ ಸಭೆ ಕೂತು ಊರಿಗೆ 40 ಗುರಿ ಬರೆದರು. ನದಿ ದಂಡೆ ಸರಿ ಮಾಡಬೇಕು, ಹಳೇ ಸೇತುವೆ ಕೆಡವಬಾರದು, ನಡೆಯುವವರಿಗೆ ಬಿಡಬೇಕು, ಹೀಗೆ. ಅದರಲ್ಲಿ ಬಹಳಷ್ಟು ಕೈಗೂಡಿತು.

ಇದರಲ್ಲಿ ವಿಶ್ವವಿದ್ಯಾಲಯದ ಪಾಲು ಏನು ಅಂತ ತಿಳಿಯೋಕೆ ಒರೆಗಾನ್ ವಿಶ್ವವಿದ್ಯಾಲಯವನ್ನು ನೋಡಬಹುದು. 2009ರಿಂದ ಅವರು ವರ್ಷಕ್ಕೆ ಒಂದು ಊರನ್ನು ಆರಿಸಿಕೊಳ್ಳುತ್ತಾರೆ. ಆ ಊರಿನ ಆಡಳಿತ ತನಗೆ ಬೇಕಾದ ಕೆಲಸಗಳ ಪಟ್ಟಿ ಕೊಡುತ್ತದೆ, ಬೇರೆ ಬೇರೆ ವಿಭಾಗದ ವಿದ್ಯಾರ್ಥಿಗಳು ತಮ್ಮ ತರಗತಿಯ ಕೆಲಸವಾಗಿಯೇ ಅದನ್ನು ಮಾಡುತ್ತಾರೆ. ಗಮನಿಸಿ, ಪಟ್ಟಿ ಕೊಡೋದು ಊರು. ಮೇಷ್ಟ್ರು ತಮಗೆ ಇಷ್ಟವಾದ ವಿಷಯ ಆರಿಸಿಕೊಂಡು ಊರಿಗೆ ಹಚ್ಚುವುದಲ್ಲ.

ನಮಗೆ ಇದು ಈಗ ಯಾಕೆ ಬೇಕು ಅಂದರೆ, 1962ರಿಂದ ಒಂದೇ ಆಗಿದ್ದ ಅವಳಿ ನಗರದ ಪಾಲಿಕೆಯಿಂದ ಧಾರವಾಡವನ್ನು ಬೇರೆ ಮಾಡಿ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡೋಕೆ 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಮನೆ ಪಾಲಾಗುವಾಗ ಪಾತ್ರೆ ಪಗಡಿ ಎಣಿಸುತ್ತಾರಲ್ಲ, ಹಾಗೆ ಎರಡೂ ಊರು ತಮ್ಮ ಹತ್ತಿರ ಏನಿದೆ, ಏನು ಬೇಕು ಅಂತ ಎಣಿಸಿಕೊಳ್ಳುವ ಹೊತ್ತು ಇದು.

ಯಾರನ್ನು ಸೇರಿಸಬೇಕು

ನಮ್ಮ ಭಾಗದಲ್ಲಿ ವಿದ್ಯೆಗೇನೂ ಕೊರತೆ ಇಲ್ಲ. 1949ರ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ, ಸಮಾಜಶಾಸ್ತ್ರ, ಭೂಗೋಳ, ಸಂಖ್ಯಾಶಾಸ್ತ್ರ, ಪತ್ರಿಕೋದ್ಯಮ ಎಲ್ಲ ಒಂದೇ ಆವರಣದಲ್ಲಿವೆ. ವಿದ್ಯಾನಗರದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್ ಇದೆ. ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ ಇದೆ. ಕೃಷಿ ವಿಶ್ವವಿದ್ಯಾಲಯ ಇದೆ, ಐಐಟಿ ಇದೆ. ಗದಗಿನವರು ಓದುತ್ತಿದ್ದರೆ, ನಿಮ್ಮಲ್ಲಿ 2016ರಲ್ಲಿ ಶುರುವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ, ಗದಗ-ಬೆಟಗೇರಿಯಂಥ 35 ವಾರ್ಡಿನ ನಗರಸಭೆಯಲ್ಲಿ ಈ ಕೆಲಸ ಇನ್ನೂ ಸುಲಭ. ಹಾವೇರಿ ಕಡೆಯವರಿಗೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಹತ್ತಿರ, ಹಿರಿಯರ ಬಾಯಿಂದ ಊರಿನ ಕಥೆ ಬರೆದುಕೊಳ್ಳುವ ಕೆಲಸಕ್ಕೆ ಅವರಿಗಿಂತ ಬೇರೆ ಯಾರು ಬೇಕು?

ಆದರೆ ಎಲ್ಲರನ್ನೂ ಒಟ್ಟಿಗೆ ಕರೆಯಬೇಡಿ. ಮೊದಲ ವರ್ಷಕ್ಕೆ ಎರಡು ವಿಭಾಗ ಸಾಕು. ಜನರ ಜೊತೆ ಮಾತಾಡಲು ಕಲಿತ ಒಂದು ವಿಭಾಗ, ನಕ್ಷೆ ಮಾಡಲು ಬಲ್ಲ ಒಂದು ವಿಭಾಗ.

ವಿಶ್ವವಿದ್ಯಾಲಯದ ಬಾಗಿಲು ತಟ್ಟುವಾಗ ಬರೀ "ಸಮಾಜಸೇವೆ" ಅಂತ ಹೋಗಬೇಡಿ. ಅವರಿಗೂ ಇದರಿಂದ ಏನು ಸಿಗುತ್ತದೆ ಅಂತ ಪತ್ರದಲ್ಲೇ ಬರೆಯಿರಿ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ವಿಸ್ತರಣಾ ಚಟುವಟಿಕೆ, ಅಂದರೆ ಊರಿನ ಜನರ ನಡುವೆ ಮಾಡುವ ಕೆಲಸವನ್ನೂ ನೋಡುತ್ತಾರೆ. ಸಮುದಾಯದ ಜೊತೆ ಕೆಲಸ ಮಾಡುವ 2 ಕ್ರೆಡಿಟ್ಟಿನ ಕೋರ್ಸಿಗೆ ಯುಜಿಸಿಯ ಮಾರ್ಗಸೂಚಿ ಇದೆ. ಎನ್‌ಎಸ್‌ಎಸ್ ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಲೇಬೇಕು, 7 ದಿನದ ವಿಶೇಷ ಶಿಬಿರ ಬೇರೆ. ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ಕಡ್ಡಾಯ. ನಗರ ಸಂಸ್ಥೆಗಳಲ್ಲೇ ಇಂಟರ್ನ್‌ಶಿಪ್ ಮಾಡೋಕೆ 2020ರಲ್ಲಿ ಶುರುವಾದ ಟುಲಿಪ್ ಅನ್ನೋ ಕೇಂದ್ರದ ಯೋಜನೆಯೂ ಇದೆ. ಅಂದರೆ ಹುಡುಗರು ಹೇಗೂ ಮಾಡಬೇಕಾದ ಕೆಲಸವೇ ಇದು, ಊರಿಗೆ ಉಪಯೋಗ ಆಗುವ ಹಾಗೆ ತಿರುಗಿಸಬೇಕು ಅಷ್ಟೇ.

ಪಾಲಿಕೆಯ ಕಡೆ ಆಯುಕ್ತರ ಒಪ್ಪಿಗೆ ಬೇಕೇ ಬೇಕು. ಆದರೆ ಆಯುಕ್ತರಿಗೆ ವರ್ಗ ಆಗುತ್ತದೆ, ಮೇಯರ್ ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಒಬ್ಬರ ಉತ್ಸಾಹದ ಮೇಲೆ ನಿಂತ ಯೋಜನೆ ಅವರ ಜೊತೆಗೇ ಹೋಗುತ್ತದೆ. ಹಾಗಾಗಿ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸಿ. ಪತ್ರ ಕೊಟ್ಟಾಗ ಆವಕ ವಿಭಾಗದಲ್ಲಿ ನಂಬರ್ ಹಾಕಿಸಿಕೊಂಡು ಬನ್ನಿ, ಆ ನಂಬರ್ ಇಲ್ಲದೆ ಮುಂದಿನ ವಾರ ಹೋದರೆ ನಿಮ್ಮ ಪತ್ರವನ್ನು ಹುಡುಕೋದೇ ಕೆಲಸ ಆಗುತ್ತದೆ. ಮತ್ತೆ, ವಲಯ ಕಚೇರಿಯ ಕಿರಿಯ ಎಂಜಿನಿಯರ್, ಹೆಲ್ತ್ ಇನ್‌ಸ್ಪೆಕ್ಟರ್, ನೀರು ಬಿಡುವ ವಾಲ್‌ಮನ್, ಈ ಮೂವರನ್ನು ಮೊದಲ ಸಭೆಗೇ ಕರೆಯಿರಿ. ಗಟಾರದ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನೋದು ಕಾಗದದಲ್ಲಿ ಇಲ್ಲದಿದ್ದರೂ ಅವರ ತಲೆಯಲ್ಲಿ ಇರುತ್ತದೆ.

ಮೂರನೆಯವರು ಜನ. ಕರ್ನಾಟಕ ಪೌರ ನಿಗಮಗಳ ಕಾಯ್ದೆಯಲ್ಲಿ ವಾರ್ಡ್ ಸಮಿತಿಗೆ ಅವಕಾಶ ಇದೆ. 3 ಲಕ್ಷ ದಾಟಿದ ಊರಿನಲ್ಲಿ ವಾರ್ಡ್ ಸಮಿತಿ ಇರಬೇಕು ಅನ್ನೋದು ಸಂವಿಧಾನದ 74ನೇ ತಿದ್ದುಪಡಿಯಲ್ಲೇ ಬಂದದ್ದು. ನಿಮ್ಮ ವಾರ್ಡಿನಲ್ಲಿ ಸಮಿತಿ ಸೇರುತ್ತಿದ್ದರೆ ಅದನ್ನೇ ಬುನಾದಿ ಮಾಡಿಕೊಳ್ಳಿ, ಹೊಸ ಸಮಿತಿ ಕಟ್ಟಬೇಡಿ. ಅದರ ಜೊತೆ ಮಹಿಳಾ ಸಂಘದ ಇಬ್ಬರು, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ ಇದ್ದರೆ ಅರ್ಧ ಕೆಲಸ ಆದ ಹಾಗೆ.

ಒಡಂಬಡಿಕೆಯಲ್ಲಿ ಬರೆಯಬೇಕಾದ್ದು

ಕುಲಸಚಿವರು ಮತ್ತು ಆಯುಕ್ತರು ಸಹಿ ಹಾಕುವ ಕಾಗದ ಎರಡು ಪುಟ ಮೀರದಿರಲಿ. ಯಾರು ಏನು ಮಾಡುತ್ತಾರೆ, ಹುಡುಗರ ಬಸ್ ಚಾರ್ಜ್ ಮತ್ತು ಮಧ್ಯಾಹ್ನದ ಊಟ ಯಾರ ಖರ್ಚು, ನಕ್ಷೆಗಳನ್ನು ಯಾರು ಕೊಡುತ್ತಾರೆ, ಇಷ್ಟು ಸ್ಪಷ್ಟ ಇದ್ದರೆ ಜಗಳ ಇಲ್ಲ. ಬಿಸಿಲಲ್ಲಿ ತಿರುಗುವ ಹುಡುಗಿಗೆ ತನ್ನ ಕೈಯಿಂದ ಚಿಗರಿ ಬಸ್ಸಿನ ಟಿಕೆಟ್ ತೆಗೆಸುವುದು ಸರಿಯಲ್ಲ, ಇದನ್ನು ಸಣ್ಣ ವಿಷಯ ಅಂತ ಬಿಡಬೇಡಿ. ಆದರೆ ಎಲ್ಲಕ್ಕಿಂತ ಮುಖ್ಯವಾದ ಎರಡು ಕಲಮುಗಳನ್ನು ನಾನು ಹೀಗೆ ಬರೆಸುತ್ತೇನೆ:

"ಜನರಿಂದ ಬಂದ ಪ್ರತಿ ಸಲಹೆಗೂ ಪಾಲಿಕೆಯು 45 ದಿನದೊಳಗೆ ಬರಹದಲ್ಲಿ ಉತ್ತರ ಕೊಡತಕ್ಕದ್ದು: ಮಾಡುತ್ತೇವೆ, ಈಗ ಆಗುವುದಿಲ್ಲ, ಅಥವಾ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಆಗುವುದಿಲ್ಲವಾದರೆ ಕಾರಣ ತಿಳಿಸತಕ್ಕದ್ದು."

"ಆ ಉತ್ತರಗಳನ್ನು ವಿಶ್ವವಿದ್ಯಾಲಯದ ತಂಡವು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ, ಬೇಕಾದ ಕಡೆ ಉರ್ದುವಿನಲ್ಲೂ ಬರೆದು, ಸಲಹೆ ಬಂದ ಓಣಿಯಲ್ಲೇ ಓದಿ ಹೇಳತಕ್ಕದ್ದು."

ಮೊದಲನೆಯ ಕಲಮಿಗೆ ಅಧಿಕಾರಿಗಳು ಹಿಂಜರಿಯುತ್ತಾರೆ. ಸಹಜ. ಎಲ್ಲದಕ್ಕೂ "ಮಾಡುತ್ತೇವೆ" ಅನ್ನಬೇಕಾಗುತ್ತದೆ ಅಂತ ಅವರಿಗೆ ಹೆದರಿಕೆ. "ಆಗುವುದಿಲ್ಲ" ಅಂತ ಹೇಳೋಕೂ ಇದರಲ್ಲಿ ಜಾಗ ಇದೆ ಅಂತ ತೋರಿಸಿ. ಕಾರಣ ಹೇಳಿದರೆ ಜನ ಒಪ್ಪುತ್ತಾರೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಜನಕ್ಕೆ ಬೇಜಾರಾಗೋದು ಉತ್ತರವೇ ಬರದಿದ್ದಾಗ.

ತಿಂಗಳ ಲೆಕ್ಕ

ಇಲ್ಲಿ ಮೂರು ಕ್ಯಾಲೆಂಡರ್ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ವಿಶ್ವವಿದ್ಯಾಲಯಕ್ಕೆ ಸೆಮಿಸ್ಟರ್, ಪಾಲಿಕೆಗೆ ಏಪ್ರಿಲ್‌ನಿಂದ ಮಾರ್ಚ್, ಓಣಿಗೆ ಮಳೆ ಮತ್ತು ಹಬ್ಬ. ಪರೀಕ್ಷೆ ಬಂತು ಅಂದರೆ ಹುಡುಗರು ಸಿಗೋದಿಲ್ಲ. ಬಜೆಟ್ ಸಿದ್ಧತೆ ಮುಗಿದ ಮೇಲೆ ನೀವು ಎಷ್ಟು ಚೆಂದದ ವರದಿ ಕೊಟ್ಟರೂ ಮುಂದಿನ ವರ್ಷದ ತನಕ ಕಾಯಬೇಕು.

ನನ್ನ ಲೆಕ್ಕ ಹೀಗಿದೆ. ಜೂನ್-ಜುಲೈನಲ್ಲಿ ಠರಾವು, ಒಡಂಬಡಿಕೆ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮಳೆ ಹಿಡಿದಿರುತ್ತದೆ, ಪಂಚಮಿ, ಗಣಪತಿ ಹಬ್ಬ ಬರುತ್ತವೆ, ಹುಬ್ಬಳ್ಳಿಯ ಗಣಪತಿ ಅಂದರೆ ಹನ್ನೊಂದು ದಿನ ಯಾರೂ ಸಭೆಗೆ ಬರೋದಿಲ್ಲ, ಆಗ ನಕ್ಷೆ ಮತ್ತು ತರಬೇತಿ ಮುಗಿಸಿ. ಆದರೆ ಒಂದೆರಡು ಜೋರು ಮಳೆಯ ದಿನ ಮಾತ್ರ ಛತ್ರಿ ಹಿಡಿದು ವಾರ್ಡ್ ಸುತ್ತಿ ಬನ್ನಿ, ನೀರು ಎಲ್ಲಿ ನಿಲ್ಲುತ್ತದೆ ಅನ್ನೋದು ಡಿಸೆಂಬರ್‌ನಲ್ಲಿ ಕಾಣೋದಿಲ್ಲ. ದಸರಾ, ದೀಪಾವಳಿ ಮುಗಿದ ಮೇಲೆ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಓಣಿ ಸಭೆಗಳು. ಜನವರಿ ಮಧ್ಯದೊಳಗೆ ಪಟ್ಟಿ ಪಾಲಿಕೆಯ ಕೈಗೆ. ಮಾರ್ಚ್‌ನಲ್ಲಿ ಮರುಭೇಟಿ. ಮರುಭೇಟಿಗೆ ಅದೇ ವಿದ್ಯಾರ್ಥಿಗಳು ಸಿಗಬೇಕಾದರೆ ಮೊದಲ ವರ್ಷದವರನ್ನೇ ತಂಡಕ್ಕೆ ತೆಗೆದುಕೊಳ್ಳಿ, ಕೊನೇ ಸೆಮಿಸ್ಟರಿನವರು ಅಷ್ಟು ಹೊತ್ತಿಗೆ ಬೆಂಗಳೂರು ಸೇರಿರುತ್ತಾರೆ.

ಎಷ್ಟು ದೊಡ್ಡದು ಮಾಡಬೇಕು

ಒಂದು ವಾರ್ಡ್. ಜಾಸ್ತಿ ಅಂದರೆ ಹುಬ್ಬಳ್ಳಿಯಲ್ಲಿ ಒಂದು, ಧಾರವಾಡದಲ್ಲಿ ಒಂದು. ಅವಳಿ ನಗರದಲ್ಲಿ 82 ವಾರ್ಡ್ ಇದ್ದವು, 2011ರ ಜನಗಣತಿಯಲ್ಲಿ ಜನಸಂಖ್ಯೆ 9.4 ಲಕ್ಷದ ಹತ್ತಿರ. ಭಾಗಿಸಿ ನೋಡಿ, ಒಂದು ವಾರ್ಡಿಗೆ ಸರಾಸರಿ 11,500 ಜನ, ಅಂದರೆ 2,500 ಮನೆ ಹಿಡಿಯಬಹುದು, ಈಗ ಇನ್ನೂ ಜಾಸ್ತಿಯೇ ಇರುತ್ತದೆ. ಹತ್ತು ಮನೆಗೆ ಒಂದು ಮನೆಯಂತೆ ಹೋದರೂ 250 ಮನೆ. ಇಬ್ಬಿಬ್ಬರ ತಂಡ ದಿನಕ್ಕೆ ಐದಾರು ಮನೆಯಲ್ಲಿ ಕೂತು ಮಾತಾಡಬಹುದು, ಅದಕ್ಕಿಂತ ಹೆಚ್ಚು ಮಾಡಿದರೆ ಅದು ಮಾತಲ್ಲ, ಫಾರ್ಮ್ ತುಂಬೋದು. ಹತ್ತು ತಂಡ ಇದ್ದರೆ ಐದು ದಿನ. ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರಕ್ಕೆ ಸರಿ ಹೊಂದುವ ಅಳತೆ.

ನಕ್ಷೆಗೆ ದುಡ್ಡು ಬೇಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ನಕ್ಷೆ, ಕ್ಯೂಜಿಐಎಸ್ ಅನ್ನೋ ನಕ್ಷೆ ಮಾಡುವ ಸಾಫ್ಟ್‌ವೇರ್, ಎರಡೂ ಉಚಿತ. ಸರ್ವೇ ನಂಬರ್ ನೋಡೋಕೆ ದಿಶಾಂಕ್ ಆ್ಯಪ್ ಇದೆ. ವಾರ್ಡಿನ ನಕ್ಷೆಯನ್ನು ಚಾಪೆಯಷ್ಟು ದೊಡ್ಡದಾಗಿ ಪ್ರಿಂಟ್ ತೆಗೆಸಿ, ಬಸ್ ಸ್ಟಾಪ್, ಗುಡಿ, ದರ್ಗಾ, ಶಾಲೆ, ರೇಷನ್ ಅಂಗಡಿ, ಗಿರಣಿ, ಇವನ್ನು ಜನ ಕರೆಯುವ ಹೆಸರಿನಲ್ಲೇ ಬರೆಯಿರಿ. ಅಧಿಕೃತ ಹೆಸರು ಬರೆದರೆ ಯಾರಿಗೂ ತಮ್ಮ ಮನೆ ಎಲ್ಲಿದೆ ಅಂತ ಗೊತ್ತಾಗೋದಿಲ್ಲ. ನೆಲದ ಮೇಲೆ ಹಾಸಿ ಸುತ್ತ ಕೂತುಕೊಳ್ಳಿ. ಗೋಡೆಗೆ ಹಚ್ಚಿದರೆ ಒಬ್ಬರು ನಿಂತು ಪಾಠ ಮಾಡುತ್ತಾರೆ, ನೆಲಕ್ಕೆ ಹಾಸಿದರೆ ಹತ್ತು ಜನ ಬೆರಳು ಇಡುತ್ತಾರೆ.

ಕೇಳುವ ರೀತಿ

"ವಾರ್ಡಿನ ಸಮಗ್ರ ಅಭಿವೃದ್ಧಿಗೆ ನಿಮ್ಮ ದೂರದೃಷ್ಟಿ ಏನು?" ಅಂತ ಕೇಳಿದರೆ ಯಾರು ಏನು ಹೇಳಬೇಕು? ನಾವು ಕೇಳೋದು ಹೀಗೆ. ನೀವು ಸಣ್ಣವರಿದ್ದಾಗ ಇಲ್ಲಿ ಏನಿತ್ತು, ಯಾವುದು ಹೋಗಬಾರದಿತ್ತು ಅನಿಸುತ್ತದೆ? ಈಗಿರುವುದರಲ್ಲಿ ಯಾವುದನ್ನು ಯಾರೂ ಮುಟ್ಟಬಾರದು? ನಿಮ್ಮ ಮೊಮ್ಮಗಳು ದೊಡ್ಡವಳಾಗಿ ಇದೇ ಓಣಿಯಲ್ಲಿ ಇರಬೇಕು ಅಂದರೆ ಇಲ್ಲಿ ಏನು ಬೇಕು? ಮೊದಲ ಪ್ರಶ್ನೆಗೆ ಹಿರಿಯರು ಎಷ್ಟು ಮಾತಾಡುತ್ತಾರೆ ಅಂದರೆ ನಿಲ್ಲಿಸೋದೇ ಕಷ್ಟ. ನಿಲ್ಲಿಸಬೇಡಿ. ಕೆರೆ ಎಲ್ಲಿಯ ತನಕ ಇತ್ತು, ಹಳ್ಳ ಯಾವ ದಾರಿ ಹರಿಯುತ್ತಿತ್ತು, ಬಾವಿ ಎಲ್ಲಿ ಮುಚ್ಚಿದರು, ಇದೆಲ್ಲ ಆ ಮಾತಿನಲ್ಲೇ ಬರುತ್ತದೆ. ಉಣಕಲ್ ಕೆರೆ, ಕೆಲಗೇರಿ, ಸಾಧನಕೇರಿ, ನುಗ್ಗೀಕೇರಿ, ನಮ್ಮ ಊರುಗಳ ಹೆಸರಿನಲ್ಲೇ ನೀರು ಇದೆ. ಹಿರಿಯರ ಮಾತು ಕೇಳುತ್ತಾ ನಕ್ಷೆಯ ಮೇಲೆ ನೀಲಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಾ ಹೋದರೆ, ಮಳೆಗಾಲದಲ್ಲಿ ಯಾವ ಮನೆಗೆ ನೀರು ನುಗ್ಗುತ್ತದೆ ಅನ್ನೋದಕ್ಕೆ ಅಲ್ಲೇ ಕಾರಣ ಸಿಗುತ್ತದೆ.

ಸಭೆ ಶುರುವಾದ ಕೂಡಲೇ ದೂರು ಬರುತ್ತವೆ. ನೀರು ಬಂದಿಲ್ಲ, ಗಟಾರ ತುಂಬಿದೆ, ಲೈಟ್ ಹೋಗಿದೆ. "ಇವತ್ತು ದೂರು ಬೇಡ, ಕನಸು ಹೇಳಿ" ಅನ್ನಬೇಡಿ, ಮನೆ ಮುಂದೆ ಗಟಾರ ನಾರುವವರಿಗೆ ಹಾಗೆ ಹೇಳೋದು ಅವಮಾನ. ದೂರಿಗೆ ಬೇರೆ ಹಾಳೆ ಇಟ್ಟುಕೊಳ್ಳಿ, ಎಲ್ಲಾ ಬರೆದುಕೊಳ್ಳಿ, ಅದೇ ವಾರ ವಲಯ ಕಚೇರಿಗೆ ಮುಟ್ಟಿಸಿ. ಅದರಲ್ಲಿ ಎರಡು ಆದರೂ ಮುಂದಿನ ಸಭೆಗೆ ಜನ ಬರುತ್ತಾರೆ.

ಇನ್ನು ಆರಿಸುವ ಆಟ. ನೆಲದ ಮೇಲೆ ಚಿತ್ರದ ಕಾರ್ಡುಗಳನ್ನು ಇಟ್ಟು, ಪ್ರತಿಯೊಬ್ಬರ ಕೈಗೆ ಹತ್ತು ಹುಣಸೆ ಬೀಜ ಕೊಡುತ್ತೇವೆ. ಯಾವುದು ಎಷ್ಟು ಮುಖ್ಯವೋ ಅಷ್ಟು ಬೀಜ ಅದರ ಮುಂದೆ ಇಡಬೇಕು. ಓದು ಬರಹ ಬೇಕಿಲ್ಲ, ಜೋರು ದನಿಯವರಿಗೂ ಹತ್ತೇ ಬೀಜ, ಮೆಲ್ಲಗೆ ಮಾತಾಡುವವರಿಗೂ ಹತ್ತೇ. ಹುಬ್ಬಳ್ಳಿಯ ಒಂದು ಓಣಿಯಲ್ಲಿ ನಾವು ಆರು ಕಾರ್ಡ್ ಇಟ್ಟಿದ್ದೆವು: ನಳ, ರಸ್ತೆ, ಬೀದಿ ದೀಪ, ಗಾರ್ಡನ್, ದವಾಖಾನೆ, ಶಾಲೆ. ಕಾಯಿಪಲ್ಲೆ ಮಾರುವ ಒಬ್ಬ ಅಜ್ಜಿ ಮೂರು ಬೀಜ ನಳದ ಮುಂದೆ ಇಟ್ಟರು. ಉಳಿದ ಏಳನ್ನು ಮುಷ್ಟಿಯಲ್ಲೇ ಹಿಡಿದು ಕಾರ್ಡುಗಳನ್ನು ಒಂದೊಂದೇ ನೋಡಿದರು. ಆಮೇಲೆ ಶಾಲೆಯ ಕಾರ್ಡು ದಾಟಿ, ಬರೀ ನೆಲದ ಮೇಲೆ ಏಳನ್ನೂ ಸಾಲಾಗಿ ಇಟ್ಟರು. ನನ್ನ ವಿದ್ಯಾರ್ಥಿನಿ, "ಅಜ್ಜೀ, ಅಲ್ಲಿ ಏನೂ ಇಲ್ರೀ" ಅಂದಳು. "ಅದಕ್ಕ ಇಟ್ಟೇನವ್ವಾ" ಅಂದರು ಅಜ್ಜಿ. "ಮುಂಜಾನೆ ಆರಕ್ಕ ಬಜಾರಕ್ಕ ಹೋದ್ರ ಸಂಜಿ ಏಳಕ್ಕ ಮನಿಗೆ ಬರೋದು. ಎಲ್ಲೆ ಹೋಗಬೇಕು ನಾವು? ದಿನಾ ನೀರ ಕುಡಿಯಂಗಿಲ್ಲ ನಾನು." ಸುತ್ತ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಬೀಜಗಳನ್ನು ಎತ್ತಿ ಆ ಬರೀ ನೆಲಕ್ಕೆ ಸರಿಸಿದರು. ಬಜಾರಿನಲ್ಲಿ ಹೆಂಗಸರಿಗೆ ಶೌಚಾಲಯ ಅನ್ನೋದು ಆ ದಿನ ಮೊದಲ ಸ್ಥಾನಕ್ಕೆ ಬಂತು, ನಮ್ಮ ಆರು ಕಾರ್ಡಿನಲ್ಲಿ ಅದು ಇರಲೇ ಇಲ್ಲ.

ಅವತ್ತಿನಿಂದ ಎರಡು ಖಾಲಿ ಕಾರ್ಡ್ ಇಡದೆ ನಾವು ಆಟ ಶುರು ಮಾಡೋದಿಲ್ಲ. ನೀವೂ ಇಡಿ.

ಸಭೆಗೆ ಬಾರದವರು

ಸಮುದಾಯ ಭವನದಲ್ಲಿ ಸಂಜೆ ಆರಕ್ಕೆ ಸಭೆ ಕರೆದರೆ ಬರೋದು ಯಾರು? ನಿವೃತ್ತರು, ಪಕ್ಷದವರು, ಸಂಘದ ಪದಾಧಿಕಾರಿಗಳು. ಅವರ ಮಾತೂ ಬೇಕು. ಆದರೆ ಪೌರಕಾರ್ಮಿಕರು ನಸುಕಿನಲ್ಲೇ ಕೆಲಸಕ್ಕೆ ಹೋಗಿ ಮಧ್ಯಾಹ್ನ ಸಿಗುತ್ತಾರೆ, ಗ್ಯಾರೇಜಿನ ಹುಡುಗರು ರಾತ್ರಿ ಒಂಬತ್ತಕ್ಕೆ, ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶಕ್ಕೆ ಹೋಗುವವರು ಶಿಫ್ಟ್ ನೋಡಿಕೊಂಡು. ಧಾರವಾಡದ ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರು ರೂಮು ಮಾಡಿಕೊಂಡು ಇದ್ದಾರೆ, ಅವರ ವೋಟು ಬೇರೆ ಊರಿನಲ್ಲಿದೆ, ಹಾಗಾಗಿ ಅವರನ್ನು ಯಾರೂ ಕೇಳೋದಿಲ್ಲ. ಆದರೆ ಆ ಬೀದಿಯ ಫುಟ್‌ಪಾತ್ ಮೇಲೆ ಅತಿ ಹೆಚ್ಚು ನಡೆಯುವವರು ಅವರೇ. ಅವರಿರುವ ಕಡೆ, ಮೆಸ್ಸಿನ ಬಾಗಿಲಿಗೆ, ಲೈಬ್ರರಿಯ ಹೊರಗೆ ಹೋಗಿ ಕೇಳಿ.

ಹೆಂಗಸರ ಸಭೆ ಇಡುವ ಮುಂಚೆ ಆ ಓಣಿಗೆ ಯಾವತ್ತು ನೀರು ಬಿಡುತ್ತಾರೆ ಅಂತ ವಾಲ್‌ಮನ್‌ಗೆ ಫೋನ್ ಮಾಡಿ ಕೇಳಿ. ನಳಕ್ಕೆ ದಿನಗಟ್ಟಲೆ ಕಾಯುವ ಓಣಿಯಲ್ಲಿ ನೀರು ಬರುವ ದಿನ ಸಭೆ ಇಟ್ಟರೆ ಒಬ್ಬರೂ ಬರೋದಿಲ್ಲ, ಬರಲೂಬಾರದು. ಉರ್ದು ಮಾತಾಡುವ ಓಣಿಗೆ ಉರ್ದು ಬಲ್ಲ ವಿದ್ಯಾರ್ಥಿನಿ ಬೇಕೇ ಬೇಕು. ಗಂಡಸರು ಬಾಗಿಲಲ್ಲೇ ನಿಂತು ಎಲ್ಲರ ಪರವಾಗಿ ಉತ್ತರ ಕೊಡುವ ಮನೆಯಲ್ಲಿ ಹುಡುಗಿಯರ ತಂಡ ಒಳಗೆ ಹೋಗಿ ಕೂತರೆ ಬೇರೆಯೇ ಉತ್ತರ ಬರುತ್ತದೆ.

ಆಧಾರ್ ನಂಬರ್, ಫೋನ್ ನಂಬರ್, ಜಾತಿ, ಪಕ್ಷ, ಇದ್ಯಾವುದನ್ನೂ ಬರೆದುಕೊಳ್ಳಬೇಡಿ. ಓಣಿ, ವಯಸ್ಸು, ಹೆಣ್ಣೋ ಗಂಡೋ, ಏನು ಕೆಲಸ, ಇಷ್ಟು ಸಾಕು. ಹುಡುಗರ ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಪಾಲಿಕೆಯ ಪತ್ರದ ಪ್ರತಿ ಇರಲಿ. ಸ್ಥಳೀಯ ಠಾಣೆಗೂ ಒಂದು ಪ್ರತಿ ಕೊಟ್ಟುಬಿಡಿ.

ಬಂದದ್ದನ್ನು ವಿಂಗಡಿಸೋದು

ಎಲ್ಲಾ ಸಲಹೆಗಳನ್ನು ಒಂದು ಕೋಣೆಯಲ್ಲಿ ಹರಡಿ ಮೂರು ಗುಂಪು ಮಾಡಿ. ಪಾಲಿಕೆ ತಾನೇ ಮಾಡಬಹುದಾದದ್ದು ಒಂದು. ಬೇರೆ ಇಲಾಖೆಯ ಕೈಯಲ್ಲಿರೋದು ಇನ್ನೊಂದು: ಕರೆಂಟಿಗೆ ಹೆಸ್ಕಾಂ, ಬಸ್ಸಿಗೆ ವಾಯವ್ಯ ಸಾರಿಗೆ, ಹಳಿ ದಾಟುವ ಗೇಟಿಗೆ ನೈಋತ್ಯ ರೈಲ್ವೆ. ನಮ್ಮ ಅದೃಷ್ಟಕ್ಕೆ ಈ ಮೂರರ ಕೇಂದ್ರ ಕಚೇರಿಯೂ ಹುಬ್ಬಳ್ಳಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ. ಕೆರೆ, ಗಾಂವಠಾಣಾ (ಊರಿನ ಹಳೇ ವಸತಿ) ಜಾಗದ ವಿಷಯ ಬಂದರೆ ಅದು ಯಾವ ಇಲಾಖೆಯ ಸುಪರ್ದಿಯಲ್ಲಿದೆ ಅಂತ ಕಾನೂನು ವಿದ್ಯಾರ್ಥಿಗಳಿಂದ ದಾಖಲೆ ತೆಗೆಸಿ ನೋಡಿ. ಮೂರನೆಯದು ಓಣಿಯವರೇ ಮಾಡಿಕೊಳ್ಳಬಹುದಾದದ್ದು. ಇದು ಸಣ್ಣ ಗುಂಪು ಅಂತ ಅಂದುಕೊಂಡಿದ್ದೆ, ಹಾಗಿಲ್ಲ.

ಇದನ್ನು ವಿಂಗಡಿಸುವಾಗ ಜನರ ಮಾತನ್ನು ವರದಿಯ ಭಾಷೆಗೆ ತಿರುಗಿಸಬೇಡಿ. ಅಜ್ಜಿಯ ಮಾತು "ಮಹಿಳಾ ಸ್ನೇಹಿ ಮೂಲಸೌಕರ್ಯ" ಆಗಿಬಿಟ್ಟರೆ ಅದನ್ನು ಓದಿದ ಎಂಜಿನಿಯರಿಗೆ ಎಲ್ಲಿ, ಏನು ಕಟ್ಟಬೇಕು ಅಂತ ಗೊತ್ತಾಗೋದಿಲ್ಲ. ಅಜ್ಜಿಯ ಮಾತನ್ನೇ ಬರೆದು, ಕೆಳಗೆ ಜಾಗದ ಗುರುತು, ನಕ್ಷೆಯ ನಂಬರ್ ಹಾಕಿ.

ಪಾಲಿಕೆಯ ಗುಂಪಿನಲ್ಲಿರೋದನ್ನು ಬಜೆಟ್ ಭಾಷೆಗೆ ಮಾತ್ರ ತರಬೇಕು: ಎಷ್ಟು ಉದ್ದ, ಎಷ್ಟು ದೀಪ, ಅಂದಾಜು ಖರ್ಚು. ಸಿವಿಲ್ ವಿದ್ಯಾರ್ಥಿಗಳು ಕಿರಿಯ ಎಂಜಿನಿಯರ್ ಜೊತೆ ಕೂತು ಅಂದಾಜು ಪಟ್ಟಿ ಮಾಡಲಿ, ಅವರಿಗೂ ಇಂಥ ಪಾಠ ತರಗತಿಯಲ್ಲಿ ಸಿಗೋದಿಲ್ಲ. ಹತ್ತು-ಹದಿನೈದು ವರ್ಷದ ಮಾತು, ಅಂದರೆ ಎಲ್ಲಿ ಮನೆ, ಎಲ್ಲಿ ಬಜಾರ್, ಎಲ್ಲಿ ಬಯಲು ಉಳಿಯಬೇಕು ಅನ್ನೋದು, ನಗರಾಭಿವೃದ್ಧಿ ಪ್ರಾಧಿಕಾರದ ಮಾಸ್ಟರ್ ಪ್ಲ್ಯಾನಿಗೆ ಹೋಗಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮಾಸ್ಟರ್ ಪ್ಲ್ಯಾನ್ ಕರಡು ಪ್ರಕಟವಾದಾಗ ಜನ ಬರಹದಲ್ಲಿ ಅಭಿಪ್ರಾಯ ಕೊಡೋಕೆ 60 ದಿನ ಇರುತ್ತದೆ. ಆ 60 ದಿನದಲ್ಲಿ ಶುರು ಮಾಡಿದರೆ ಏನೂ ಆಗೋದಿಲ್ಲ. ನಕ್ಷೆ, ಸಹಿ, ಓಣಿಯ ಠರಾವು ಮೊದಲೇ ತಯಾರಿದ್ದರೆ ಮೊದಲ ವಾರದಲ್ಲೇ ಕೊಡಬಹುದು.

ಮರುಭೇಟಿ

ಉತ್ತರಗಳು ಬಂದ ಮೇಲೆ ದೊಡ್ಡ ಹಾಳೆಯಲ್ಲಿ ಮೂರು ಕಾಲಂ ಹಾಕಿ: ನೀವು ಹೇಳಿದ್ದು, ಪಾಲಿಕೆ ಹೇಳಿದ್ದು, ಯಾವಾಗ. ರೇಷನ್ ಅಂಗಡಿಯ ಗೋಡೆಗೆ, ಗಿರಣಿಯ ಬಾಗಿಲಿಗೆ ಹಚ್ಚಿ. ಹಚ್ಚಿ ಬಂದುಬಿಡಬೇಡಿ, ಓದಿ ಹೇಳಿ. ನಾವು ಮೊದಲ ಸಲ ಓದಿದಾಗ "ಆಗುವುದಿಲ್ಲ" ಅನ್ನುವ ಸಾಲು ಬಂದಲ್ಲೆಲ್ಲ ವಿದ್ಯಾರ್ಥಿಗಳ ದನಿ ಸಣ್ಣದಾಗುತ್ತಿತ್ತು. ಒಂದು ಕಡೆ ರಸ್ತೆ ಅಗಲ ಮಾಡೋದು ಆಗೋದಿಲ್ಲ, ಎರಡೂ ಬದಿ ಸ್ವಂತ ಮನೆಗಳಿವೆ ಅಂತ ಉತ್ತರ ಬಂದಿತ್ತು. ಓದಿ ಮುಗಿಸಿದಾಗ ಹಿಂದೆ ನಿಂತಿದ್ದ ಒಬ್ಬರು, "ಹೌದಲ್ಲ, ನಮ್ಮ ಪಡಸಾಲೀನ ಹೋಗತೈತಿ" ಅಂದರು. ಆಮೇಲೆ ಆ ರಸ್ತೆಗೆ ಒಂದೇ ದಿಕ್ಕಿನ ಸಂಚಾರ ಮಾಡಬಹುದಾ ಅನ್ನೋ ಮಾತು ಅಲ್ಲೇ, ಅವರ ಬಾಯಿಂದಲೇ ಶುರುವಾಯ್ತು. ಅದನ್ನೂ ಬರೆದುಕೊಂಡೆವು.

ಮರುಭೇಟಿಗೆ ಕಾರ್ಪೊರೇಟರನ್ನೂ ವಲಯ ಕಚೇರಿಯವರನ್ನೂ ಕರೆಯಿರಿ, ಆದರೆ ವೇದಿಕೆ, ಶಾಲು, ಹಾರ ಬೇಡ. ಎಲ್ಲರಿಗೂ ಒಂದೇ ಥರದ ಕುರ್ಚಿ, ಸಾಲದಿದ್ದರೆ ಎಲ್ಲರಿಗೂ ಚಾಪೆ. ಗಿರಮಿಟ್ಟು, ಮಿರ್ಚಿ, ಚಹಾ ಇದ್ದರೆ ಮಾತು ಎರಡು ತಾಸು ನಡೆಯುತ್ತದೆ.

ಕೊನೆಗೆ ಕಾಗದಪತ್ರ. ನಕ್ಷೆ, ಸಲಹೆಯ ಪಟ್ಟಿ, ಪಾಲಿಕೆಯ ಉತ್ತರ, ಮೂರಕ್ಕೂ ಮೂರು ಮೂರು ಪ್ರತಿ ಮಾಡಿ. ಒಂದು ವಲಯ ಕಚೇರಿಗೆ, ಒಂದು ವಿಶ್ವವಿದ್ಯಾಲಯದ ಲೈಬ್ರರಿಗೆ, ಇನ್ನೊಂದು ಓಣಿಯ ಮಹಿಳಾ ಸಂಘದ ಟ್ರಂಕಿಗೆ. ಮುಂದಿನ ಜೂನ್‌ನಲ್ಲಿ ಹೊಸ ವಿದ್ಯಾರ್ಥಿಗಳು ಬಂದಾಗ ಮೊದಲು ಹೋಗಬೇಕಾದ್ದು ಆ ಟ್ರಂಕ್ ಇರುವ ಮನೆಗೆ. ಅದರ ಕೀಲಿಕೈ ಯಾರ ಹತ್ತಿರ ಇದೆ ಅಂತ ಸಂಘದ ಠರಾವು ಪುಸ್ತಕದಲ್ಲಿ ಬರೆಸಿಡಿ.